ಸಂಗೀತವನ್ನು ಓದುವವರು

ನನಗೆ ಹಾಡಲು ಬರುವುದಿಲ್ಲ. ನೆಟ್ಟಗೆ ಕೂತು ಕೇಳಲೂ ಬರುವುದಿಲ್ಲ. ಸ್ವಲ್ಪ ಹೊತ್ತಿಗೇ ಕಾಲು ಜೋಮು ಹಿಡಿಯುತ್ತದೆ. ಆದರೂ ಸಂಗೀತದ ಬಗ್ಗೆ ಬರೆದ ಪುಸ್ತಕ ಕಂಡರೆ ಬಿಡುವುದಿಲ್ಲ. ಓದಿದ್ದನ್ನೆಲ್ಲ ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಕಳೆದ ವರ್ಷದ ಲೆಕ್ಕ ಹೀಗಿದೆ: ಸಂಗೀತ ಹದಿನಾಲ್ಕು, ಸಿನಿಮಾ ಒಂಬತ್ತು, ಚಿತ್ರಕಲೆ ಆರು, ಟಿ.ವಿ. ಎರಡು. ಅದೇ ವರ್ಷ ಕೂತು ಕೇಳಿದ ಸಂಗೀತ ಕಚೇರಿ, ಸೊನ್ನೆ.

ನನ್ನಂಥವರಿಗೆಂದೇ ಬರೆಯುವ ಈ ಪುಸ್ತಕಗಳ ಹಣೆಬರಹ ವಿಚಿತ್ರ. ತಮ್ಮೊಳಗೆ ಇಟ್ಟುಕೊಳ್ಳಲಾಗದ ವಸ್ತುವಿನ ಬಗ್ಗೆಯೇ ಅವು ಮಾತಾಡಬೇಕು. ಚಿತ್ರಕಲೆಯ ಪುಸ್ತಕ ‘ಮೂಲೆಯ ಆ ಹಳದಿಯನ್ನು ಗಮನಿಸಿ’ ಎನ್ನುತ್ತದೆ. ಎದುರು ಪುಟದಲ್ಲಿ ಚಿತ್ರ ಅಚ್ಚಾಗಿರುವುದು ಕಪ್ಪು-ಬಿಳುಪಿನಲ್ಲಿ. ಮೂಲೆಯಲ್ಲಿ ಬರೀ ಮಸಿ. ನಾನು ವಿಧೇಯಳಾಗಿ ಮಸಿಯನ್ನೇ ಗಮನಿಸುತ್ತೇನೆ. ದಾವಣಗೆರೆಯ ಯಾವ ಥಿಯೇಟರಿಗೂ ಎಂದೂ ಬಾರದ ಚಿತ್ರದ ಕೊನೆಯ ದೃಶ್ಯವನ್ನು ಸಿನಿಮಾ ಪುಸ್ತಕ ಮೊದಲ ಅಧ್ಯಾಯದಲ್ಲೇ ಹೇಳಿಬಿಡುತ್ತದೆ. ಟಿ.ವಿ.ಯ ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಧಾರಾವಾಹಿಯೇ ಮುಗಿದು, ಅದರ ಸೊಸೆ ಇನ್ನೊಂದು ಧಾರಾವಾಹಿಯಲ್ಲಿ ಅತ್ತೆಯಾಗಿರುತ್ತಾಳೆ. ಸಂಗೀತದವರ ಪಾಡು ಇನ್ನೂ ಕಷ್ಟ. ಸ್ವರವನ್ನು ಅಕ್ಷರದಲ್ಲಿ ಹಿಡಿಯಲಾಗದೆ ಅವರು ಅಡುಗೆಮನೆಗೆ ಹೋಗುತ್ತಾರೆ. ಒಂದೇ ಪುಸ್ತಕದಲ್ಲಿ ನನಗೆ ಹತ್ತೊಂಬತ್ತು ಸಲ ಜೇನು, ಹನ್ನೊಂದು ಸಲ ಬೆಣ್ಣೆ ಸಿಕ್ಕಿತು. ಬರೆದವರು ನಮ್ಮೂರಿನ ದೋಸೆ ಮುಂದಿಟ್ಟುಕೊಂಡೇ ಬರೆದಿರಬೇಕು.

ಇದನ್ನು ಹರಿಹರದ ಸುಮಿತ್ರತ್ತೆಗೆ ಹೇಳಿದಾಗ ಅವರು, “ನೀನು ಉಣ್ಣೋವಾಗ ತುತ್ತೂ ಎಣಿಸ್ತೀಯೇನ?” ಎಂದಿದ್ದರು. ಅವರು ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಮನೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುವುದೇ ಅವರ ಕೆಲಸ, ಬಳಗ, ಬದುಕು. ನಾನು ಭಾನುವಾರಗಳಂದು ಎಂ.ಸಿ.ಸಿ. ಬಡಾವಣೆಯಿಂದ ಹೊರಟು ಹರಿಹರದ ಬಸ್ಸು ಹಿಡಿಯುತ್ತೇನೆ. ನನ್ನ ಚೀಲದ ಪುಸ್ತಕ ಕಂಡರೆ ಅವರಿಗೆ ತಮಾಷೆ. “ಹಾಡು ಕೇಳಾದು ಬಿಟ್ಟು ಇದ್ರಾಗ ಓದಾದೇನೈತೆ?” ಎನ್ನುವರು.

ಅಂಥವರು ಕಳೆದ ಮಳೆಗಾಲದಿಂದ ತಾವೇ ಪುಸ್ತಕ ಕೇಳತೊಡಗಿದರು. ಒಂದು ಮುಗಿಸಿ ಇನ್ನೊಂದು. ಕೊನೆಗೂ ಅತ್ತೆಯನ್ನು ನನ್ನ ದಾರಿಗೆ ತಂದೆ ಎಂದು ದಿನಚರಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ಆ ಗೆರೆಯ ಅರ್ಥ ತಿಳಿದದ್ದು ಈ ಜನವರಿಯ ಒಂದು ಭಾನುವಾರ. ಮೂವರು ಹುಡುಗಿಯರು ಹಾಡುತ್ತಿದ್ದರು. ಅವರ ಸಂಗೀತ ಪರೀಕ್ಷೆಗೆ ಎರಡು ತಿಂಗಳಿತ್ತು. ಅತ್ತೆಯ ಬೆನ್ನ ಹಿಂದೆ, ಹಾಡುವವರಿಗೆ ಆಧಾರವಾಗಿ ಒಂದೇ ಸಮನೆ ಗುಂಯ್ ಎನ್ನುವ ಕರೆಂಟಿನ ಶ್ರುತಿಪೆಟ್ಟಿಗೆ. ಬಟ್ಟೆ ಅಂಗಡಿಯವರ ಮಗಳು ಆಯಿಷಾ ಕಾಲು ಚಾಚಿದಾಗ ಅದರ ಪ್ಲಗ್ ಕಿತ್ತು ಬಂತು. ಪೆಟ್ಟಿಗೆ ಸುಮ್ಮನಾಯಿತು. ಅತ್ತೆಯ ಕೈ ತಾಳ ಹಾಕುತ್ತಲೇ ಇತ್ತು. “ಶ್ರುತಿ ಬಿಡಬ್ಯಾಡ್ರಿ, ಅದನ್ನೇ ಕೇಳ್ಕಂತ ಹಾಡ್ರಿ,” ಎಂದರು.

ಯಾರೂ ಎದ್ದು ಪ್ಲಗ್ ಸಿಕ್ಕಿಸಲಿಲ್ಲ. ಆಯಿಷಾ ಹಾಡುವುದನ್ನು ನಿಲ್ಲಿಸಿ, ಬಾಯಿ ಮುಚ್ಚಿಕೊಂಡು ಪೆಟ್ಟಿಗೆಯ ಸ್ವರವನ್ನೇ ಗುನುಗತೊಡಗಿದಳು. ಉಳಿದಿಬ್ಬರು ಅದರ ಮೇಲೆ ಹಾಡು ಮುಂದುವರಿಸಿದರು. ಅವಳಿಗೆ ಉಸಿರು ಸಾಲದಾದಾಗ ಪಕ್ಕದವಳು ಗುನುಗಿದಳು. ಅವರು ಅದನ್ನು ಎಷ್ಟು ಸಲೀಸಾಗಿ ಮಾಡಿದರೆಂದರೆ, ಇದು ಮೊದಲ ಸಲವಲ್ಲ ಎಂದು ನನಗೂ ಗೊತ್ತಾಯಿತು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಆಯಿಷಾ ಹೇಳಿದಳು: “ಅಕ್ಕಾ, ಟೀಚರಿಗೆ ಹೇಳಬ್ಯಾಡ್ರಿ. ಎದ್ದು ಪ್ಲಗ್ ಹಾಕಿದ್ರ ಅದು ನಿಂತಿತ್ತು ಅಂತ ಅವರಿಗೆ ತಿಳಿತೈತೆ. ನಮಗ ಗೊತ್ತಾಗೈತೆ ಅಂದ್ರ ಕ್ಲಾಸೇ ಬಿಟ್ಟುಬಿಡ್ತಾರ.”

ಒಳಗೆ ಬಂದರೆ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಬಹಳ ದಿನಗಳಿಂದ ಅವರು ಕಣ್ಣನ್ನಲ್ಲ, ಬಾಯಿಯನ್ನು ನೋಡುತ್ತಿದ್ದರೆಂದು ಆಗ ಹೊಳೆಯಿತು.

“ನಿನಗ ತಿಳಿದಂಗೈತೆ. ನಿಮ್ಮೂರಿನ ಡಾಕ್ಟರಿಗೇ ತೋರಿಸೀನಿ,” ಎಂದರು. “ಕಿವಿ ನರ ಹೋಗೈತಂತೆ. ಮೆಷಿನ್ ಇಟ್ಕಂಡ್ರೆ ಮಾತು ಒಂಚೂರು ತಿಳಿತೈತೆ. ಹಾಡು ತಗಡು ಬಡದಂಗೆ ಕೇಳ್ತೈತೆ. ಅದಕ್ಕಿಂತ ಕೇಳದಿದ್ರೇ ಚಲೋ.” ಆಮೇಲೆ, “ಹುಡುಗೀರಿಗೆ ಗೊತ್ತಿಲ್ಲ. ನೀನೂ ಹೇಳಬ್ಯಾಡ,” ಎಂದರು.

“ಮತ್ತೆ ಪುಸ್ತಕ ಯಾಕತ್ತೆ?”

“ಅದ್ರಾಗ ಯಾರೂ ಅಪಸ್ವರ ಹಾಡಲ್ಲ ನೋಡು.”

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅವರ ಚಿಂತೆಯೆಲ್ಲ ಪರೀಕ್ಷೆಯದು. ಹುಡುಗಿಯರು ತಪ್ಪು ಹಾಡಿದರೆ ತಿದ್ದುವವರು ಯಾರು? ಬೆರಳು, ಕತ್ತು, ತುಟಿ ನೋಡಿ ತಾಳ ತಿದ್ದಬಹುದು, ಸಾಹಿತ್ಯ ತಿದ್ದಬಹುದು, ಸ್ವರವನ್ನಲ್ಲ. “ನೀನು ಅಷ್ಟು ಓದೀಯಲ್ಲ, ಬರೋ ವಾರ ಪಕ್ಕಕ್ಕೆ ಕೂತ್ಕ. ಯಾರ ಗಾಂಧಾರ ಇಳೀತೈತೆ, ಮೆಲ್ಲಗೆ ಬೆರಳು ತೋರ್ಸು ಸಾಕು,” ಎಂದರು.

ಕೂತೆ. ಗಾಂಧಾರದ ಬಗ್ಗೆ ನಾಲ್ಕು ಅಧ್ಯಾಯ ಓದಿದವಳು ನಾನು. ಅದರ ಸ್ವಭಾವ, ಅದು ಯಾವ ರಾಗದಲ್ಲಿ ಹೇಗೆ ಓಲಾಡುತ್ತದೆ, ಎಲ್ಲವನ್ನೂ ಬರೆದು ತೋರಿಸಬಲ್ಲೆ. ಹುಡುಗಿಯರು ಒಬ್ಬೊಬ್ಬರಾಗಿ ಹಾಡಿದರು. ನನಗೆ ಮೂರೂ ಒಂದೇ ಥರ ಕೇಳಿಸಿದವು. ಅತ್ತೆ ಓರೆಗಣ್ಣಲ್ಲಿ ನನ್ನ ಬೆರಳನ್ನು ಕಾಯುತ್ತಿದ್ದರು. ನಾನು ಅಂಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡೆ. ಆ ಪಡಸಾಲೆಯಲ್ಲಿ ಅಂದು ಕಿವುಡರು ಇಬ್ಬರಿದ್ದೆವು.

ಅತ್ತೆ ತಾಳ ನಿಲ್ಲಿಸಿದರು. ಹಾಡೂ ನಿಂತಿತು. “ಕೇಳ್ರಿ ಇಲ್ಲಿ,” ಎಂದರು, ಎಂದಿಗಿಂತ ಸ್ವಲ್ಪ ಜೋರಾಗಿ. “ನನಗ ಕಿವಿ ಕೇಳಂಗಿಲ್ಲ. ಎಂಟು ತಿಂಗಳಾತು. ದಾವಣಗೆರೆ ಕೆ.ಬಿ. ಬಡಾವಣೆಯಾಗ ನನ್ನ ಪರಿಚಯದ ಟೀಚರ್ ಒಬ್ಬರದಾರ, ನಾಳೆಯಿಂದ ಅಲ್ಲಿಗೆ ಹೋಗ್ರಿ. ಪರೀಕ್ಷೆ ಕೆಡಿಸ್ಕಬ್ಯಾಡ್ರಿ.”

ಹುಡುಗಿಯರು ತಲೆ ತಗ್ಗಿಸಿದರು. ಆಯಿಷಾ ಚಾಪೆಯ ಅಂಚನ್ನು ಕೀಳುತ್ತ, ಮುಖ ಎತ್ತದೆಯೇ ಅಂದಳು: “ನಮಗ ಗೊತ್ತಿತ್ತು ಟೀಚರ್. ದೀಪಾವಳಿಗಿಂತ ಮುಂಚೆನೇ ಗೊತ್ತಿತ್ತು.”

ಅವಳ ತುಟಿ ಅತ್ತೆಗೆ ಕಾಣಲಿಲ್ಲ. ನನ್ನ ಕಡೆ ತಿರುಗಿದರು. “ಏನಂದ್ಲು?”

ಸಂಗೀತದ ಪುಸ್ತಕ ಬರೆಯುವವರನ್ನು ಇಷ್ಟು ವರ್ಷ ಗೇಲಿ ಮಾಡಿದ್ದೇನೆ. ಕೇಳದವರ ಮುಂದೆ ಕೂತು, ಕೇಳಿದ್ದನ್ನು ಹೇಳುವ ಕೆಲಸ ಎಂಥದು ಎಂದು ಅಂದು ಗೊತ್ತಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಲು ಬಾಯಿ ತೆರೆಯುತ್ತೇವೆ. ಎದುರಿಗಿರುವ ಮುಖ ನೋಡಿ ಒಂದಿಷ್ಟು ತಿದ್ದಿಬಿಡುತ್ತೇವೆ.

“ಆಗ್ಲಿ ಟೀಚರ್ ಅಂದ್ಲು,” ಎಂದೆ.

ಹುಡುಗಿಯರು ಕಾಲು ಮುಟ್ಟಿ ಹೊರಟರು. ಅತ್ತೆ ಶ್ರುತಿಪೆಟ್ಟಿಗೆಗೆ ಬಟ್ಟೆ ಹೊದಿಸಿ, ಗೋಡೆಗೊರಗಿ ಕೂತರು. ಮುಖದಲ್ಲಿ ದಣಿವಿತ್ತು. ಅದರ ನಡುವೆ, ಕಷ್ಟದ ಕಚೇರಿ ಗೆದ್ದು ಬಂದವರಿಗಿರುವಂಥ ಸಣ್ಣ ಹೆಮ್ಮೆ.

“ಎಂಟು ತಿಂಗಳು. ಒಬ್ರಿಗೂ ಗೊತ್ತಾಗ್ಲಿಲ್ಲ, ನೋಡಿದ್ಯಾ?”

“ಒಬ್ರಿಗೂ ಇಲ್ಲತ್ತೆ,” ಎಂದೆ, ತುಟಿ ಚೆನ್ನಾಗಿ ಕಾಣುವಂತೆ.