ಗೋಗಿಯ ಅತ್ತೆ ಕುದಿಸಿದ ಸೊಪ್ಪು

ಮೂರ್ನಾಲ್ಕು ವರ್ಷದ ಹಿಂದೆ, ನಾನು ಕಲಬುರಗಿಯಲ್ಲಿ ಎಂ.ಫಾರ್ಮ ಕೊನೆಯ ವರ್ಷ ಓದುತ್ತಿದ್ದಾಗ ನಡೆದದ್ದಿದು. ನಾನು ಶಹಾಪುರದವಳು. ಪ್ರಾಜೆಕ್ಟಿಗೆ ಜೊತೆಯಾದವಳು ಸುರಪುರದ ಶಿವಲೀಲಾ. ನಮ್ಮ ಕಡೆ ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಒಂದು ಗಿಡದ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಆ ನೀರನ್ನು ಬಿಳಿ ಇಲಿಗಳಿಗೆ ಕುಡಿಸಿ ನೋಡುವುದು ನಮ್ಮ ಕೆಲಸ. ಗಿಡದ ಹೆಸರು ಹೇಳುವುದಿಲ್ಲ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಗೈಡ್ ಸರ್ ಕೆಲಸ ಹಂಚಿದರು. ಗಡ್ಡೆ ಬರಿಸಿದ ಇಲಿಗಳಿಗೆ ಈ ನೀರು ಕೊಟ್ಟರೆ ಗಡ್ಡೆ ಕುಗ್ಗುತ್ತದೆಯೇ ಎಂದು ನೋಡುವುದು ಶಿವಲೀಲಾಳಿಗೆ. ಗಟ್ಟಿಮುಟ್ಟಾದ ಇಲಿಗಳಿಗೆ ಇದರಿಂದ ಕೇಡೇನೂ ಆಗುವುದಿಲ್ಲವಲ್ಲ ಎಂದು ನೋಡುವುದು ನನಗೆ. ಅಂದರೆ ಏನೂ ಆಗದಿರುವುದನ್ನು ಕಾಯುತ್ತ ಕೂಡುವುದೇ ನನ್ನ ಪಾಲಿಗೆ ಬಂತು! ಪಕ್ಕದ ಮೇಜಿನಲ್ಲಿ ಅವಳು ಗಡ್ಡೆ ಅಳೆದು, "ಸರ್, ಸಣ್ಣದಾಗ್ಯದ್ರಿ!" ಎಂದು ಕೂಗಿದರೆ ಎಲ್ಲರೂ ಓಡಿ ಬರುತ್ತಿದ್ದರು. ನನ್ನ ಇಲಿ ಹೊಟ್ಟೆ ತುಂಬ ತಿಂದಿತು ಎಂದರೆ ಯಾರು ಬಂದಾರು?

ಒಂದು ದಿನ ಪತ್ರಿಕೆಯವರೊಬ್ಬರು ಬಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಕ್ಯಾನ್ಸರಿಗೆ ಹೊಲದ ಸೊಪ್ಪು, ಸುರಪುರದ ಯುವತಿಯ ಸಾಧನೆ ಎಂದು ಗಿಡದ ಹೆಸರು ಸಹಿತ ಬರೆದರು. ಫೋಟೊದಲ್ಲಿ ಇಲಿ ಹಿಡಿದು ನಗುವ ಶಿವಲೀಲಾ. ಅಂಚಿನಲ್ಲಿ ನನ್ನ ಮೊಣಕೈ. ಅಂದು ಮೆಸ್ಸಿನಲ್ಲಿ ರೊಟ್ಟಿ ಬಿಟ್ಟು ಎದ್ದು ಬಂದೆ. ಅವ್ವನಿಗೆ ಫೋನ್ ಮಾಡಿ, "ಇಲಿ ಹಿಡಕೊಂಡು ನಿಂತ್ರ ದೊಡ್ಡ ಡಾಕ್ಟರ್ ಆಗ್ತಾರೇನು? ಅಕಿಗ್ಯಾಕ ಇಷ್ಟು ಮೆರವಣಿಗಿ?" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವ ಅದನ್ನು ಪಕ್ಕದ ಊರು ಗೋಗಿಯಲ್ಲಿರುವ ನಮ್ಮಪ್ಪನ ತಂಗಿ ಮಲ್ಲಮ್ಮತ್ತೆಗೆ ಒಂದಕ್ಷರ ಬಿಡದೆ ಒಪ್ಪಿಸಿದಳು.

ಈ ಅತ್ತೆಗೆ ಎದೆಯಲ್ಲಿ ಗಡ್ಡೆಯಾಗಿ, ಆಪರೇಷನ್ ಮುಗಿದು, ಕೀಮೋ ನಡೆದಿತ್ತು. ಸೊಂಟದ ತನಕ ಇದ್ದ ಜಡೆ ಉದುರಿಹೋಗಿತ್ತು. ರಜೆಗೆ ಊರಿಗೆ ಬಂದಾಗ ನೋಡಲು ಹೋದೆ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ವಾಸನೆಗೇ ಗೊತ್ತಾಯಿತು, ಅದೇ ಸೊಪ್ಪು. ದೇವರ ಜಗಲಿಯ ಮೇಲೆ ಶಿವಲೀಲಾಳ ಫೋಟೊ ಇದ್ದ ಪೇಪರಿನ ತುಂಡು, ಅದಕ್ಕೆ ಕುಂಕುಮ ಬೇರೆ! ನನ್ನ ಸ್ವಂತ ಅತ್ತೆ!

"ದವಾಖಾನಿಗಿ ಹೋಗೂದು ಬಿಟ್ಟೀನಿ" ಎಂದಳು ಅತ್ತೆ. "ಆ ಸೂಜಿಗಿ ಕೂದಲೆಲ್ಲಾ ಹೋದ್ವು. ಇದೇ ಛಲೋ ಅದ. ಒಂದು ತಂಬಿಗಿ ನೀರು ಅರ್ಧ ಬಟ್ಟಲಕ್ಕ ಇಳಿಯೂತನಾ ಕುದಿಸಿ ಕುಡಿಯಾಕತ್ತೀನಿ."

ನಾನು ಪಾತ್ರೆಯೊಳಗೆ ಇಣುಕಿದೆ. ನಮ್ಮ ಮನೆಗಳಲ್ಲಿ ಕಷಾಯವೆಂದರೆ ಹೀಗೇ, ನೀರು ಇಂಗುವ ತನಕ ಕುದಿಸಬೇಕು. ಲ್ಯಾಬಿನಲ್ಲಿ ನಾವು ಸುಮ್ಮನೆ ನೆನೆಸಿ ಸೋಸಿದ್ದೆವು. ಆ ತಿಳಿನೀರನ್ನೇ ಕೊನೆಗೆ ಹೆಚ್ಚು ಕುಡಿಸಿದಾಗ ನನ್ನ ಇಲಿಗಳು ಮಂಕಾಗಿ ಮೂಲೆ ಸೇರಿದ್ದವು. ಅವುಗಳ ಲಿವರ್ ಕೆಟ್ಟಿತ್ತು.

"ಅತ್ತಿ, ಇಷ್ಟು ಗಟ್ಟಿ ಕುಡದ್ರ ಲಿವರ್ ಹೋಗ್ತದ. ನನ್ನ ಇಲಿಗೋಳಿಗಿ ಹಂಗೇ ಆಗ್ಯದ. ದವಾಖಾನಿ ಬಿಡಬ್ಯಾಡ" ಎಂದೆ.

ಅತ್ತೆ ನಕ್ಕಳು. "ನಿಂದು ಹೊಟ್ಟಿಕಿಚ್ಚು, ರೇಣುಕಾ. ಆ ಹುಡುಗಿ ಹೆಸರು ಮಾಡ್ಯಾಳಂತ ಉರ್ಕೊಳ್ಳಾಕತ್ತಿ. ನಿಮ್ಮವ್ವ ಎಲ್ಲಾ ಹೇಳ್ಯಾಳ."

ಹೊಟ್ಟೆಕಿಚ್ಚೂ ನಿಜ, ಲಿವರಿನ ಮಾತೂ ನಿಜ. ಅಪ್ಪ ಬಂದು ಬೈದರೂ ಆಕೆ ಜಗ್ಗಲಿಲ್ಲ. ಕೊನೆಗೆ ಯಾರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತೋ ಅವಳಿಗೇ ಫೋನ್ ಮಾಡಿದೆ. ಶಿವಲೀಲಾ ಎಲ್ಲ ಕೇಳಿ, "ನಾಳಿ ಮುಂಜಾನಿ ಬರ್ತೀನಿ" ಎಂದಳು. ಒಂದು ಕೊಂಕು ಮಾತೂ ಆಡಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಸುರಪುರದ ಬಸ್ಸಿಗೆ ಬಂದಳು. ಶಹಾಪುರದಿಂದ ಇಬ್ಬರೂ ಟಂಟಂ ಆಟೊ ಹತ್ತಿ ಗೋಗಿಗೆ ಹೋದೆವು. ಅತ್ತೆ ಅವಳಿಗೆ ಶೇಂಗಾ ಹೋಳಿಗೆ ಮಾಡಿಟ್ಟಿದ್ದಳು. ನಾನು ಹೋದಾಗ ಬರೀ ಚಹಾ.

ಶಿವಲೀಲಾ ಹೋಳಿಗೆ ಮುಟ್ಟಲಿಲ್ಲ. "ಅತ್ತಿ, ನನ್ನ ಇಲಿಗೋಳ ಗಡ್ಡಿ ಸಣ್ಣದಾಗಿದ್ದು ಖರೇ. ಪೂರಾ ಹೋಗಲಿಲ್ಲ. ಕಡೀಕ ಒಂದೂ ಬದುಕಲಿಲ್ಲ" ಎಂದಳು.

"ಪೇಪರಿನ್ಯಾಗ ಹಂಗ ಇಲ್ಲಲ್ಲವ್ವಾ?"

"ಅವ್ರು ಬರೀಲಿಲ್ರಿ. ಈ ಸೊಪ್ಪು ಮೈಗೆ ಕೇಡು ಮಾಡ್ತದೋ ಇಲ್ಲೋ ನೋಡಿದಾಕಿ ನಾನಲ್ಲ, ಈ ರೇಣುಕಾ. ಅಕಿ ಬ್ಯಾಡ ಅಂದ್ರ ನಾನೂ ಬಾಯಿಗಿ ಹಾಕಂಗಿಲ್ರಿ."

ಅತ್ತೆ ಎದ್ದು, ಕಷಾಯದ ಪಾತ್ರೆ ತೆಗೆದುಕೊಂಡು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿಯಲು ನಡೆದಳು. "ಅಲ್ಲಿ ಬ್ಯಾಡ, ಗಟಾರಕ್ಕ ಚೆಲ್ಲು" ಎಂದೆ. ಅವತ್ತು ಆಕೆ ಕೇಳಿದ ನನ್ನ ಮಾತು ಅದೊಂದೇ. ಆದರೆ ಮರುವಾರವೇ ಅಪ್ಪನ ಜೊತೆ ಮತ್ತೆ ದವಾಖಾನೆಗೆ ಹೋದಳು.

ಈಗ ಅತ್ತೆ ಆರಾಮಾಗಿದ್ದಾಳೆ. ಭುಜದ ತನಕ ಕೂದಲು ಬಂದಿದೆ. ಹೋದಾಗಲೆಲ್ಲ ನನ್ನ ಮುಂದೆ ಬೆನ್ನು ಹಾಕಿ ಕೂತು ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆ. ಬಂದವರಿಗೆಲ್ಲ, "ಸುರಪುರದ ಹುಡುಗಿ ನನ್ನ ಜೀವಾ ಉಳಿಸ್ಯಾಳ" ಎಂದು ಹೇಳುತ್ತಾಳೆ. ಸುಳ್ಳು ಯಾಕೆ ಹೇಳಲಿ, ಈಗಲೂ ಹೊಟ್ಟೆ ಉರಿಯುತ್ತದೆ. ಉರಿದರೆ ಉರಿಯಲಿ. ನನ್ನ ಕೈಯಲ್ಲಿ ಹೆಣೆಯಲು ಅತ್ತೆಯ ಜಡೆ ಇದೆ.