ಗ್ರೀಸ್ ಭಟ್ಟರು ಎತ್ತದ ಫೋನು

ಠಾಣೆ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ಕೋಪರಿಯಲ್ಲಿ ಲೋಕನಾಥ ಭಟ್ಟರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಗ್ರೀಸ್ ಭಟ್ರು ಅನ್ನಿ, ಪಾನ್ ಅಂಗಡಿಯವನೂ ಕೈ ತೋರಿಸುತ್ತಾನೆ. ಹೆಸರು ಕೇಳಿ ದೊಡ್ಡ ಕುಳ ಅಂದುಕೊಳ್ಳಬೇಡಿ ಮತ್ತೆ. ಸಣ್ಣದೊಂದು ಮೆಸ್ಸಿನಲ್ಲಿ ಸಾರು, ಪಲ್ಯ ಮಾಡಿ ಬಡಿಸುವ ಜನ. ಅವರದ್ದೊಂದು ವಿಚಿತ್ರ ಉಂಟು. ಫೋನು ಒಂದು ಸಲ ಕೂಗಿದರೆ ಸಾಕು, ಕೈಗೆ ಚಪಾತಿ ಹಿಟ್ಟು ಮೆತ್ತಿಕೊಂಡಿದ್ದರೂ ಎತ್ತಿಬಿಡುತ್ತಾರೆ. ಲೋನು ಬೇಕಾ ಎಂದು ಕೇಳುವ ಹುಡುಗಿಗೂ "ಹೇಳಿ ಅಮ್ಮಾ, ಹೇಳಿ" ಎನ್ನುತ್ತಾರೆ. ಊಟಕ್ಕೆ ಕೂತವರು ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು.

ಎರಡು ಸಾವಿರದ ಹನ್ನೆರಡರ ಹೊತ್ತಿಗೆ ಭಟ್ಟರು ಒಂದು ಟೂರ್ ಕಂಪನಿಯ ಅಡಿಗೆಯವರಾಗಿದ್ದರು. ವಯಸ್ಸಾದವರನ್ನು ಪರದೇಶ ಸುತ್ತಿಸುವ ಕಂಪನಿ ಅದು. ಎಲ್ಲಿಗೆ ಹೋದರೂ ಬ್ರಾಹ್ಮಣರ ಕೈಯ ಶುದ್ಧ ಊಟ ಎಂಬುದೇ ಅವರ ಜಾಹೀರಾತು. ಕುಕ್ಕರು, ಕಾವಲಿ, ಮಸಾಲೆ ಡಬ್ಬಿ ಎಲ್ಲ ಹೊತ್ತುಕೊಂಡು ಭಟ್ಟರು ಜನರ ಹಿಂದೆ ಹೋಗಬೇಕು. ಗ್ರೀಸಿನ ದ್ವೀಪಗಳಿಗೆ ನಾಲ್ಕಾರು ಸಲ ಹೋಗಿದ್ದರೂ ಅವರು ಕಂಡದ್ದು ಹೋಟೆಲುಗಳ ಅಡಿಗೆಮನೆ ಮತ್ತು ಫೆರಿಯೊಳಗೆ ಚೀಲ ಕಾಯುವ ಮೂಲೆ, ಅಷ್ಟೇ.

ಆ ಸಲ ಹೊರಡುವಾಗ ಮನೆಯಲ್ಲಿ ತಾಯಿ ಬಾಗಿಯಮ್ಮ ಮಂಚ ಹಿಡಿದಿದ್ದರು. ಕಿಡ್ನಿ ಕೈಕೊಟ್ಟಿತ್ತು. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಭಟ್ಟರನ್ನು ಹೊರಗೆ ಕರೆದು ಹೇಳಿದ್ದರು. ಬರುವುದಿಲ್ಲ ಅಂದರೆ ಮುಂದಿನ ಸೀಸನ್ನಿಗೆ ಕಂಪನಿ ಬೇರೆ ಭಟ್ಟನನ್ನು ಹುಡುಕಿಕೊಳ್ಳುತ್ತದೆ. ಮಗ ಮೀನಮೇಷ ಎಣಿಸುವುದನ್ನು ನೋಡಿ ಬಾಗಿಯಮ್ಮನೇ ಗದರಿದರು.

"ಹೋಗಿ ಬಾ ಮಗಾ. ನಾನೇನು ಓಡಿ ಹೋಗುವುದಿಲ್ಲ. ಒಂದು ಕೆಲಸ ಮಾಡು, ಹಡಗು ಹತ್ತಿದ ಮೇಲೆ ಫೋನಿನಲ್ಲಿ ಸ್ವಲ್ಪ ಕಡಲಿನ ಸದ್ದು ಕೇಳಿಸು. ಈ ರೈಲಿನ ಸದ್ದು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ."

ಮಲ್ಪೆ ಕಡೆಯ ಹೆಂಗಸು, ಅಲೆಯ ಸದ್ದಿನಲ್ಲೇ ಹುಟ್ಟಿ ಬೆಳೆದವರು. "ಆಯ್ತಮ್ಮ" ಎಂದು ಭಟ್ಟರು ಕಾಲಿಗೆ ಬಿದ್ದರು. ಬಾಗಿಲ ಹೊರಗೆ ಬಂದು ಹೆಂಡತಿ ಜಯಲತಾಗೆ ಮಾತ್ರ ಬೇರೆಯೇ ಹೇಳಿದರು. "ನೋಡು, ಸುಮ್ಮಸುಮ್ಮನೆ ಫೋನ್ ಮಾಡಬೇಡ. ಏನಾದರೂ ಆದರೆ ಮಾತ್ರ ಮಾಡು." ಏನಾದರೂ ಎಂದರೆ ಏನೆಂದು ಅವಳು ಕೇಳಲಿಲ್ಲ.

ಮೊದಲ ದ್ವೀಪ ಸುಸೂತ್ರವಾಗಿ ಕಳೆಯಿತು. ಎರಡನೆಯದಕ್ಕೆ ಹೋಗುವ ಫೆರಿಯಲ್ಲಿ ಜನರೆಲ್ಲ ಟೋಪಿ ಹಿಡಿದುಕೊಂಡು ಫೋಟೋ ತೆಗೆಯಲು ಮೇಲೆ ಹತ್ತಿದ್ದರು. ಭಟ್ಟರು ಪುಳಿಯೋಗರೆಯ ಡಬ್ಬಿಗಳ ಪಕ್ಕ ಕೂತಿದ್ದರು. ಆಗ ಫೋನು ಕೂಗಿತು. ಜಯಲತಾ.

ಮುಗಿಯಿತು, ಅಮ್ಮ ಹೋದಳು. ಮತ್ತೆ ಯಾಕೆ ಫೋನು ಬರುತ್ತದೆ? ಎತ್ತಲು ಬೆರಳು ಚಾಚಿದವರು ಹಾಗೇ ತಡೆದರು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಸೂತಕದವನು ಒಲೆ ಮುಟ್ಟುವ ಹಾಗಿಲ್ಲ. ಗುಂಪಿನಲ್ಲಿ ಐರೋಲಿಯ ಅನಂತರಾಮ ರಾಯರಿದ್ದರು, ಹಡಗಿನ ಮೇಲೂ ಪಂಚಪಾತ್ರೆ ಇಟ್ಟುಕೊಂಡು ಸಂಧ್ಯಾವಂದನೆ ಮಾಡುವವರು. ಅಂಥವರೇ ಮುಕ್ಕಾಲುಪಾಲು. ಅಡಿಗೆಯವನಿಗೆ ಸೂತಕ ಅಂತ ಗೊತ್ತಾದರೆ ಒಬ್ಬರೂ ಎಲೆ ಮುಂದೆ ಕೂರುವುದಿಲ್ಲ. ಹೇಳದೆ ಬಡಿಸಿದರೆ? ಶಿವ ಶಿವಾ, ಅಷ್ಟು ಜನರಿಗೆ ಮೈಲಿಗೆ ಉಣ್ಣಿಸಿದ ಪಾಪ. ಆದರೆ ಕೇಳಿಯೇ ಇಲ್ಲ ಅಂದರೆ? ಕೇಳುವ ತನಕ ಸೂತಕವೂ ಇಲ್ಲ, ಪಾಪವೂ ಇಲ್ಲ, ಶಾಸ್ತ್ರವೇ ಹಾಗೆ ಹೇಳುತ್ತದೆ. ಊರಲ್ಲಿ ಮದುವೆಮನೆಯವರು ಸಾವಿನ ಸುದ್ದಿಯನ್ನು ಬಾಗಿಲಲ್ಲೇ ತಡೆಯುತ್ತಿದ್ದುದು ಭಟ್ಟರಿಗೆ ನೆನಪಾಯಿತು. ಬೆಂಕಿ ಇಡಲು ಕೋಪರಖೈರಣೆಯಲ್ಲಿ ತಮ್ಮ ವಾಸು ಇದ್ದಾನೆ. ತಾನು ಈಗ ಎದ್ದುಬಿದ್ದು ಓಡಿದರೂ ಅಮ್ಮನ ಮುಖ ನೋಡಲು ಸಿಗುವುದಿಲ್ಲ.

ಫೋನು ಕೂಗಿ ಸುಮ್ಮನಾಯಿತು, ಮತ್ತೆ ಕೂಗಿತು, ಮತ್ತೆ. ಪಕ್ಕದ ಬಿಳಿಯ ಹೆಂಗಸು ತಿರುಗಿ ನೋಡಿದಳು. ಭಟ್ಟರು ಅದನ್ನು ಆಫ್ ಮಾಡಿ ಹಿಟ್ಟಿನ ಚೀಲದೊಳಗೆ ತುರುಕಿದರು. ದಡ ಮುಟ್ಟಿದ ಮೇಲೆ ಟೂರ್ ಮ್ಯಾನೇಜರ್ ಸೂರಜನ ಹತ್ತಿರ ಹೋಗಿ, "ನಮ್ಮ ಮನೆಯಿಂದ ಏನಾದರೂ ಸುದ್ದಿ ಬಂದರೆ ಮುಂಬೈ ಮುಟ್ಟುವವರೆಗೆ ನನಗೆ ಹೇಳಬೇಡ ಮಾರಾಯಾ" ಎಂದರು. ಆ ಹುಡುಗನಿಗೆ ಅರ್ಥವಾಯಿತು. ಅಡಿಗೆ ನಿಲ್ಲದಿದ್ದರೆ ಅವನಿಗೂ ಸಾಕು, ತಲೆಯಾಡಿಸಿದ.

ಅವತ್ತೇ ಅನಂತರಾಮ ರಾಯರ ಮದುವೆ ವಾರ್ಷಿಕೋತ್ಸವ, ಪಾಯಸ ಮಾಡಲೇಬೇಕಿತ್ತು. ಭಟ್ಟರು ಶಾವಿಗೆ ಹುರಿದರು. ಕಣ್ಣು ತುಂಬಿ ಬಂದಾಗಲೆಲ್ಲ ಒಲೆಯ ಕಡೆ ತಿರುಗಿದರು. ರಾಯರ ಹೆಂಡತಿ ಪಂಕಜಮ್ಮ ಬಟ್ಟಲು ಹಿಡಿದುಕೊಂಡು ಅಡಿಗೆಮನೆಗೇ ಬಂದರು.

"ಭಟ್ರೇ, ಪಾಯಸ ಬಹಳ ಚೆನ್ನಾಗಿದೆ ಕಣ್ರೀ. ಯಾಕೆ ಮುಖ ಹೀಗಿದೆ? ಮನೆ ಕಡೆ ಎಲ್ಲಾ ಆರಾಮ ತಾನೇ?"

"ಆರಾಮ ಅಮ್ಮಾ. ಈರುಳ್ಳಿ ಹೆಚ್ಚಿದ್ದು" ಎಂದರು ಭಟ್ಟರು. ಪಾಪ, ಆ ಅಡಿಗೆಯಲ್ಲಿ ಈರುಳ್ಳಿ ಇರಲೇ ಇಲ್ಲ.

ಕೊನೆಯ ದ್ವೀಪ ಸಾಂಟೊರಿನಿ. ಬೆಟ್ಟದ ಮೇಲೆ ಸೂರ್ಯಾಸ್ತ ನೋಡಲು ಎಲ್ಲರೂ ಬಸ್ಸು ಹತ್ತಿದರು. ಭಟ್ಟರು ಒಬ್ಬರೇ ಕರಿಯ ಕಲ್ಲುಗಳ ತೀರಕ್ಕೆ ಇಳಿದು ಉಟ್ಟ ಪಂಚೆಯಲ್ಲೇ ಮೂರು ಸಲ ಮುಳುಗಿದರು. ಮಸಾಲೆ ಡಬ್ಬಿಯಿಂದ ಒಂದು ಚಿಟಿಕೆ ಎಳ್ಳು ಕಟ್ಟಿಕೊಂಡು ಬಂದಿದ್ದರು. ದಕ್ಷಿಣ ಯಾವ ಕಡೆ ಎಂದು ಅಂದಾಜು ಮಾಡಿ, ತಾಯಿಯ ಹೆಸರು ಹೇಳಿ ಎಳ್ಳುನೀರು ಬಿಟ್ಟರು. ಇದೆಂಥ ನ್ಯಾಯ ನೋಡಿ! ಕೇಳಿಲ್ಲ ಎಂದಾದರೆ ಎಳ್ಳು ಯಾಕೆ? ಕೇಳಿದ ಹಾಗೆ ಎಂದಾದರೆ ಒಲೆ ಯಾಕೆ? ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಗನ ಜೀವ ಕೇಳಬೇಕಲ್ಲ. ಅಲೆ ಬಂದು ಕಲ್ಲುಗಳನ್ನು ಗರಗರ ಎಳೆದುಕೊಂಡು ಹೋಗುತ್ತಿತ್ತು. ಭಟ್ಟರು ಗಂಟಲು ಬಿಟ್ಟು ಅತ್ತರು. ಆಮೇಲೆ ಬಟ್ಟೆ ಹಿಂಡಿ ಉಟ್ಟು, ರಾತ್ರಿಯೂಟಕ್ಕೆ ಕುಕ್ಕರು ಇಟ್ಟರು.

ವಿಮಾನ ಇಳಿದು ಟ್ಯಾಕ್ಸಿಯಲ್ಲಿ ಕೋಪರಿಗೆ ಬಂದಾಗ ಬೆಳಗಾಗಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ತಾಯಿಯ ಮಂಚ ಗೋಡೆಗೆ ಒರಗಿಸಿತ್ತು. ತಲೆ ಬೋಳಿಸಿಕೊಂಡಿದ್ದ ವಾಸು ಎದ್ದು ಬಂದು ಅಣ್ಣನ ಕೈ ಹಿಡಿದುಕೊಂಡ. ಭಟ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದರು, ವೈಕುಂಠ ಸಮಾರಾಧನೆಯ ದಿನಕ್ಕಾದರೂ ತಾನು ಸಿಕ್ಕಿದೆನಲ್ಲ ಎಂದು.

"ಇವತ್ತಿಗೆ ಎಷ್ಟನೇ ದಿನ ವಾಸು?"

ವಾಸು ಅಣ್ಣನ ಮುಖವನ್ನೇ ನೋಡಿದ. "ಎಷ್ಟನೇ ದಿನ ಎಂಥದ್ದು ಅಣ್ಣ? ನಿನ್ನೆ ಬೆಳಿಗ್ಗೆ ಹೋದದ್ದು. ನಿನಗೆ ಫೋನ್ ತಾಗಲೇ ಇಲ್ಲ. ಸಂಜೆವರೆಗೆ ಕಾದೆವು."

"ನಿನ್ನೆಯಾ?" ಭಟ್ಟರು ಹೆಂಡತಿಯ ಕಡೆ ತಿರುಗಿದರು. "ಮತ್ತೆ ಹಡಗಿನಲ್ಲಿ ಬಂದ ಫೋನು? ಒಂದರ ಮೇಲೊಂದು ಬಂತಲ್ಲ?"

ಅಡಿಗೆಮನೆಯ ಬಾಗಿಲಲ್ಲಿ ನಿಂತ ಜಯಲತಾಳ ಕಣ್ಣು ಕೆಂಪಾಗಿ ಊದಿತ್ತು. "ಆಗ ಅತ್ತೆ ಇದ್ರು ಮಾರಾಯ್ರೇ. ಮಾತಾಡ್ತಾ ಇದ್ರು. ಫೋನ್ ಮಾಡಬಾರದಂತೆ ಅಂದ್ರೂ ಕೇಳಲಿಲ್ಲ. ಕಡಲಿನ ಸದ್ದು ಕೇಳಿಸ್ತೇನೆ ಅಂತ ಹೇಳಿದ್ದಾನೆ, ಮಾಡು ಮಾಡು ಅಂತ ಒಂದೇ ಹಠ. ನೀವು ಎತ್ತಲಿಲ್ಲ, ಆಮೇಲೆ ಬಂದ್. ಕಂಪನಿಗೆ ಮಾಡಿದರೆ ಹೇಳ್ತೇವೆ ಅಂದ್ರು. ಆಮೇಲೆ ದಿನಾ ಕೇಳ್ತಿದ್ರು, ಲೋಕನ ಫೋನ್ ಬಂತಾ, ಬಂತಾ ಅಂತ."

ಹನ್ನೆರಡನೇ ಕ್ಲಾಸಿನ ಮಗಳು ಮಾನಸಿ ಮೂಲೆಯಲ್ಲಿ ಕೂತಿದ್ದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲೇ ಉತ್ತರ ಕೊಡುವವಳು. ಅವತ್ತು ಮಾತ್ರ ತಡವರಿಸಿಕೊಂಡು ಕನ್ನಡದಲ್ಲೇ ಹೇಳಿದಳು.

"ಪಪ್ಪಾ, ಅಜ್ಜಿ ಅಳ್ತಿತ್ತು. ನಾನು ಮಮ್ಮಿ ಫೋನಿಂದ ನನ್ನ ಫೋನಿಗೆ ಕಾಲ್ ಮಾಡಿ, ಮಮ್ಮಿ ಫೋನ್ ತಗೊಂಡು ಬಾತ್‌ರೂಮಿಗೆ ಹೋದೆ. ಬಾಲ್ದಿಗೆ ನಲ್ಲಿ ಬಿಟ್ಟೆ. ನನ್ನ ಫೋನ್ ಅಜ್ಜಿ ಕಿವಿಗೆ ಇಟ್ಟಿದ್ದೆ, ಪಪ್ಪನ ಸಮುದ್ರ ಅಂತ ಹೇಳಿದ್ದೆ. ಅಜ್ಜಿ ತುಂಬಾ ಹೊತ್ತು ಕೇಳ್ತು. ಆಮೇಲೆ ಕೇಳಿತು, ಕಡಲು ಬಂತು, ಲೋಕ ಯಾಕೆ ಮಾತಾಡ್ಲಿಲ್ಲ ಅಂತ."

ಜೀವ ಇದ್ದವಳಿಗೆ ಎಳ್ಳುನೀರು ಬಿಟ್ಟ ಕೈಯನ್ನು ಭಟ್ಟರು ಪಂಚೆಗೆ ಉಜ್ಜುತ್ತಾ ನಿಂತರು.

"ಅಣ್ಣ, ಸುದ್ದಿ ಕೇಳಿದ ಮೇಲೆ ಇನ್ನು ಸ್ನಾನ ಆಗಬೇಕು" ಎಂದು ವಾಸು ಮೆಲ್ಲಗೆ ಹೇಳಿದ. ಭಟ್ಟರು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿಯ ಕೆಳಗೆ ಅದೇ ಬಾಲ್ದಿ ಇತ್ತು. ಹೊರಗಿನವರು ನೀರಿನ ಸದ್ದಿಗಾಗಿ ತುಂಬಾ ಹೊತ್ತು ಕಾದರು. ನಲ್ಲಿ ತಿರುಗಿಸಲು ಭಟ್ಟರಿಗೆ ಕೈ ಬರಲಿಲ್ಲ.