ಅತ್ತೆ ತೊಳೆದಿಟ್ಟ ಮೆತ್ತೆಗಳು

ನಮ್ಮ ಮನೆಮಾತು ಉರ್ದು. ನನಗೆ ಸಿಟ್ಟು ಬಂದರೆ ಮಾತ್ರ ಕನ್ನಡ. ಹಾಗಾಗಿ ನಮ್ಮ ಅತ್ತೆಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ.

ಶಿಡ್ಲಘಟ್ಟದಲ್ಲಿ ಮಾವನವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಂದಿಷ್ಟು ಸಿಕ್ಕು ಉಳಿಯುತ್ತದೆ. ಅದನ್ನು ಹಿಂಜಿ, ಸೊಳ್ಳೆಪರದೆಯ ಬಟ್ಟೆಯೊಳಗೆ ತುಂಬಿ, ಚೆಲ್ಲಿದ ಆಯಿಲ್ ಹೀರುವ ಮೆತ್ತೆ ಮಾಡುವುದು ನನ್ನ ಹುಚ್ಚು. ಹುಳದ ಜಿಡ್ಡು ಅಂಟಿದ ಸಿಕ್ಕು ನೀರನ್ನು ಬಿಟ್ಟು ಎಣ್ಣೆಯನ್ನೇ ಹಿಡಿಯುತ್ತದೆ. ಸೊಸೆಯ ಹುಚ್ಚಿಗೆಂದು ಮಾವ ಹಿತ್ತಲ ಶೆಡ್ಡನ್ನು ಬಿಟ್ಟುಕೊಟ್ಟಿದ್ದರು. ರಂಜಾನ್ ಹಬ್ಬದೊಳಗೆ ಒಬ್ಬರಾದರೂ ಕೊಳ್ಳುವವರು ಸಿಗದಿದ್ದರೆ ಅದು ಬಾಡಿಗೆಗೆ ಹೋಗುವುದೆಂದೂ ಹೇಳಿದ್ದರು.

ಗೌರಿಬಿದನೂರಿನ ಗ್ಯಾರೇಜಿನವರೊಬ್ಬರು ನೋಡಲು ಬಂದರು. ಮಳೆ ಬಂದರೆ ಅವರ ಅಂಗಳದ ಆಯಿಲ್ ಪಕ್ಕದ ಹೊಲಕ್ಕೆ ಹರಿದು ದಿನಾ ಜಗಳವಂತೆ. ಟಬ್ಬಿನ ನೀರಿಗೆ ಹಳೇ ಆಯಿಲ್ ಸುರಿದು ಮೆತ್ತೆ ಬಿಟ್ಟೆ. ಅದು ಗಟಗಟ ನೀರು ಕುಡಿದು ತಳ ಸೇರಿತು. ಇನ್ನೊಂದು ಬಿಟ್ಟೆ, ಅದೂ ಮುಳುಗಿತು. ಎತ್ತಿ ಹಿಂಡಿದರೆ ನೊರೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮದುವೆಮನೆಯಲ್ಲಿ ತಮ್ಮ ಮೈಗಂಟಿದ ಹುಳದ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡು ಸರಿದು ಕೂತದ್ದನ್ನು ಎಷ್ಟೋ ಸಲ ನುಂಗಿಕೊಂಡವರು. ಹೊರಗಿನವರು ಬರುವಾಗ ಬೇಯಿಸಿದ ಹುಳದ ನಾತ ಬೇಡವೆಂದು, ಹಿಂದಿನ ದಿನ ನಾನು ಚಿಂತಾಮಣಿಗೆ ಹೋಗಿದ್ದಾಗ ಮೆತ್ತೆಗಳನ್ನೆಲ್ಲ ಸೋಪು ಹಾಕಿ ಒಗೆದು ಒಣಗಿಸಿದ್ದರು. ಅವು ಅಷ್ಟು ಬೆಳ್ಳಗಿದ್ದದ್ದನ್ನು ಗಡಿಬಿಡಿಯಲ್ಲಿ ನಾನು ಗಮನಿಸಿರಲೇ ಇಲ್ಲ.

"ನಿನ್ನ ಮಾನ ಹೋಗ್ಬಾರ್ದು ಅಂತ ತೊಳೆದೆ, ಬೇಟಾ," ಅಂದರು.

ಕನ್ನಡ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರ ಕೈ ಕಂಡಿತು. ಉಜ್ಜಿ ಉಜ್ಜಿ ಬೆರಳುಗಳೆಲ್ಲ ಕೆಂಪಾಗಿದ್ದವು. ಈ ಹೆಂಗಸೆಂದರೆ ನನಗೆ ಪ್ರಾಣ ಎಂಬುದು ಆ ಹಾಳು ಹೊತ್ತಿನಲ್ಲೇ ತಿಳಿಯಬೇಕೆ?

ಶೆಡ್ಡಿನ ಮೂಲೆಯಲ್ಲಿ ತೊಳೆಯದ ಸಿಕ್ಕು ಬಿದ್ದಿತ್ತು. ಒಂದು ಹಿಡಿ ಹಿಂಜಿ ಹಾಗೇ ನೀರಿಗೆ ಹಾಕಿದೆ. ಅದು ತೇಲುತ್ತಲೇ ಕಪ್ಪಾಯಿತು, ಸುತ್ತಲ ನೀರು ತಿಳಿಯಾಯಿತು. ಗ್ಯಾರೇಜಿನವರು ಬಗ್ಗಿ ನೋಡಿ, ಇದನ್ನೇ ಕಳಿಸಿ ಅಂದರು. ಅತ್ತೆಗೆ ಇನ್ನೂ ಅಳುಕು.

"ಇದು ನಾರುತ್ತಲ್ಲಪ್ಪಾ?"

"ನಾರಲಿ ಬಿಡಿ ಅಮ್ಮ. ತೊಳೀಬೇಡಿ, ಅಷ್ಟೇ."

ಗ್ಯಾರೇಜಿನವರು ಹೋದ ಮೇಲೆ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಶೆಡ್ಡು ಉಳಿಯಿತೆಂಬ ಖುಷಿಗೇನೋ ಎಂದುಕೊಂಡೆ. ಅಲ್ಲವಂತೆ. ಈ ವಾಸನೆ ಇರಲಿ ಎಂದ ಮನುಷ್ಯನನ್ನು ಅವರು ಕಂಡದ್ದು ಅವತ್ತೇ ಮೊದಲಂತೆ.